ಗುದ್ದದವನಿಗೆ ಏರ್‌ಬ್ಯಾಗ್ ಯಾಕೆ

ಮುತ್ಸುಕೊ ಅಕ್ಕ ಒಂಬತ್ತನೇ ಸಲ ಫೋನ್ ಮಾಡಿದ ಮರುದಿನ ಅಗತ್ಸುಮಾ ಅಜ್ಜ ಅವಳ ಮೇಲೆ ಪೊಲೀಸರಿಗೆ ದೂರು ಕೊಟ್ಟ.

ನಮ್ಮದು ಯಾಮಗಾತಾ ಸೀಮೆಯಲ್ಲಿ ಮೊಗಾಮಿ ಹೊಳೆ ದಡದ ಸಣ್ಣ ಊರು. ಊರಿಗೊಂದು ಕಾರಿನ ಅಂಗಡಿ. ಮುಂದೆ ಗಾಜಿನ ಶೋರೂಮು, ಹಿಂದೆ ವರ್ಕ್‌ಶಾಪು. ನಾನು ಹಿಂದಿನವನು, ಮೆಕ್ಯಾನಿಕ್. ತೊಗಾಶಿ ಮುತ್ಸುಕೊ ಮುಂದಿನವಳು, ಸ್ವಾಗತದ ಮೇಜಿನ ಹಿಂದೆ ಕೂರುವವಳು. ನಮಗೆಲ್ಲ ಅವಳು ಅಕ್ಕ.

ಆ ಬೆಳಿಗ್ಗೆ ಠಾಣೆಯ ಹೊಶಿಕಾವಾ ಸೈಕಲ್ ತುಳಿದುಕೊಂಡು ಬಂದ. ಟೋಪಿ ತೆಗೆದು, ಬಲು ಸಂಕೋಚದಿಂದ ಕೇಳಿದ. "ಇಲ್ಲಿ ತೊಗಾಶಿ ಅನ್ನೋರು ಯಾರು? ವಯಸ್ಸಾದವರಿಗೆ ಫೋನ್ ಮಾಡಿ, ಪುಕ್ಕಟೆ ಮಾಡಿಕೊಡ್ತೀವಿ ಬನ್ನಿ ಅಂತ ಪುಸಲಾಯಿಸ್ತಾರೆ ಅಂತ ದೂರು ಬಂದಿದೆ."

"ನಾನೇ," ಅಂದಳು ಅಕ್ಕ. "ಎರಡು ವರ್ಷದಿಂದ ಪುಸಲಾಯಿಸ್ತಾನೇ ಇದ್ದೀನಿ. ಆಗ್ತಾ ಇಲ್ಲ. ನಿಮಗೇನಾದ್ರೂ ಉಪಾಯ ಗೊತ್ತಿದ್ರೆ ಹೇಳಿ."

ವಿಷಯ ಇಷ್ಟೇ. ಕಂಪನಿ ಹತ್ತು ಹನ್ನೆರಡು ವರ್ಷದ ಕೆಳಗೆ ಮಾರಿದ ಒಂದು ಮಾದರಿಯ ಕಾರಿನಲ್ಲಿ ಏರ್‌ಬ್ಯಾಗ್ ಕೆಟ್ಟಿತ್ತು. ಗುದ್ದಿದಾಗ ಆ ಚೀಲಕ್ಕೆ ಗಾಳಿ ತುಂಬಿಸುವುದು ಒಂದು ಲೋಹದ ಡಬ್ಬಿ. ಅದರೊಳಗಿನ ಮದ್ದು ವರ್ಷಗಟ್ಟಲೆ ತೇವ ಕುಡಿದು ಕೆಟ್ಟಿರುತ್ತದೆ. ಹೊತ್ತಿಕೊಳ್ಳಬೇಕಾದದ್ದಕ್ಕಿಂತ ಜೋರಾಗಿ ಹೊತ್ತಿಕೊಂಡರೆ ಡಬ್ಬಿಯೇ ಸಿಡಿದು, ಕಾಯಬೇಕಾದ ಚೀಲದೊಳಗಿಂದಲೇ ಚೂರುಗಳು ಹಾರುತ್ತವೆ. ಹಾಗಾಗಿ ರೀಕಾಲ್. ಕಾರು ತನ್ನಿ, ಡಬ್ಬಿ ಬದಲಿಸಿ ಕೊಡುತ್ತೇವೆ. ನಮ್ಮ ಅಂಗಡಿಯ ಪಾಲಿಗೆ ಮುನ್ನೂರಕ್ಕೂ ಹೆಚ್ಚು ಕಾರುಗಳ ಪಟ್ಟಿ ಬಂತು. ಮ್ಯಾನೇಜರ್ ಇಗರಾಶಿ ಅದನ್ನು ಅಕ್ಕನ ಮೇಜಿನ ಮೇಲಿಟ್ಟು, "ನಿಮ್ಮ ದನಿ ಚೆನ್ನಾಗಿದೆ, ನೀವೇ ಮಾತಾಡಿ," ಅಂದರು.

ದನಿ ಚೆನ್ನಾಗಿತ್ತು, ನಿಜ. ಹತ್ತೊಂಬತ್ತನೇ ವಯಸ್ಸಿನಲ್ಲಿ ಅವಳು ಪ್ರವಾಸದ ಬಸ್ಸಿನಲ್ಲಿ ಗೈಡ್ ಆಗಿದ್ದಳು. ಬಿಳಿ ಕೈಗವಸು ಹಾಕಿ, ಮೈಕು ಹಿಡಿದು, ಬೆಟ್ಟ ಬಂದರೆ ಬೆಟ್ಟದ ಕಥೆ, ಗುಡಿ ಬಂದರೆ ಗುಡಿಯ ಕಥೆ. ಚಾಪೆ ನೇಯುವ ಶುನ್‌ಸಾಕುವನ್ನು ಮದುವೆಯಾದ ಮೇಲೆ ಬಸ್ಸು ಬಿಟ್ಟಳು. ಮಗಳು ಶಾಲೆಗೆ ಸೇರಿದ ಮೇಲೆ ನಮ್ಮಲ್ಲಿಗೆ ಬಂದಳು. ಬಸ್ಸಿನಲ್ಲಿ ನಲವತ್ತು ಜನ ಬಾಯಿ ಮುಚ್ಚಿ ಕೇಳುತ್ತಿದ್ದರಂತೆ. ಇಲ್ಲಿ ಒಬ್ಬನೂ ನಾಲ್ಕು ಮಾತು ಕೇಳಲು ತಯಾರಿಲ್ಲ ಎಂದು ಮೊದಲ ವಾರವೇ ಗೊತ್ತಾಯಿತು. ಕಾಗದ ಕಳಿಸಿದರೆ ಜಾಹೀರಾತು ಎಂದು ಒಲೆಗೆ ಹಾಕುತ್ತಾರೆ. ಫೋನ್ ಮಾಡಿದರೆ, ಮಗನ ದನಿಯಲ್ಲಿ ಮಾತಾಡಿ ಮುದುಕರನ್ನು ಬೋಳಿಸುವ ಕಳ್ಳರ ಕಾಲ, ಯಾರು ನಂಬುತ್ತಾರೆ? "ಪುಕ್ಕಟೆ" ಎಂಬ ಮಾತು ಬಾಯಿಂದ ಬಿದ್ದರೆ ಮುಗಿಯಿತು, ಫೋನ್ ಕಟ್.

ಮೊದಲ ವರ್ಷ ಅವಳು ಇದನ್ನು ನಗುನಗುತ್ತಲೇ ಮಾಡಿದಳು. ನಗು ನಿಂತದ್ದು ಸುಗಾ ಚಿಹಾರುವಿನಿಂದ.

ಚಿಹಾರು ಸ್ಟೇಷನ್ ಎದುರು ಕೂದಲು ಕತ್ತರಿಸುವ ಅಂಗಡಿ ಇಟ್ಟಿದ್ದ ಹುಡುಗಿ. ಅವಳ ಕಾರೂ ಪಟ್ಟಿಯಲ್ಲಿತ್ತು. ಅಕ್ಕ ಮೂರು ಸಲ ಫೋನ್ ಮಾಡಿದಳು. ಮೂರು ಸಲವೂ "ಈಗ ಕೈ ಬಿಡುವಿಲ್ಲ, ನಾನೇ ಮಾಡ್ತೀನಿ" ಎಂಬ ಉತ್ತರ. ಅಕ್ಕ ಹೆಸರಿನ ಮುಂದೆ "ಹೊಸ ವರ್ಷದ ನಂತರ" ಎಂದು ಬರೆದು ರಜಕ್ಕೆ ಹೋದಳು. ಜನವರಿ ಎಂಟಕ್ಕೆ, ಹೆಪ್ಪುಗಟ್ಟಿದ ರಸ್ತೆಯಲ್ಲಿ, ಓಡುವ ಮನುಷ್ಯನಷ್ಟು ವೇಗದಲ್ಲಿ ಚಿಹಾರುವಿನ ಕಾರು ಜಾರಿ ಮುಂದಿನ ಟ್ರಕ್ಕಿಗೆ ತಗುಲಿತು. ಟ್ರಕ್ಕಿಗೆ ಗೀರೂ ಬೀಳಲಿಲ್ಲ. ಸ್ಟೇರಿಂಗಿನಿಂದ ಸಿಡಿದ ಚೂರು ಅವಳ ಬಲಗೈಯ ನರ ಕತ್ತರಿಸಿತು.

ಅಕ್ಕ ಆಸ್ಪತ್ರೆಗೆ ಹೋದಳು. ನಾನೇ ಕಾರಿನಲ್ಲಿ ಕರೆದುಕೊಂಡು ಹೋಗಿದ್ದೆ. ಚಿಹಾರು ಬೈಯಲಿಲ್ಲ. "ನೀವು ಫೋನ್ ಮಾಡಿದ್ರಿ, ನೆನಪಿದೆ," ಅಂದಳು. "ಯಾರದೋ ತಲೆ ತೊಳೀತಿದ್ದೆ. ನಿಮ್ಮದೇನು ತಪ್ಪು." ಕತ್ತರಿ ಹಿಡಿಯುವ ಎರಡು ಬೆರಳು ಮಡಿಸಲು ಬರುತ್ತಿರಲಿಲ್ಲ. ಹಿಂದಕ್ಕೆ ಬರುವಾಗ ಅಕ್ಕ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಊರು ಹತ್ತಿರ ಬಂದಾಗ ಒಂದೇ ಮಾತು ಆಡಿದಳು. "ಬೈದಿದ್ರೆ ಚೆನ್ನಾಗಿತ್ತು."

ಅಲ್ಲಿಂದ ಅವಳ ಹಟ ಶುರುವಾಯಿತು. ಫೋನ್ ಎತ್ತದಿದ್ದರೆ ಮನೆಗೆ. ಮನೆಯಲ್ಲಿಲ್ಲದಿದ್ದರೆ ಹೊಲಕ್ಕೆ, ಬಿಸಿನೀರಿನ ಸ್ನಾನದ ಮನೆ ಬಾಗಿಲಿಗೆ, ಒಮ್ಮೆ ಒಬ್ಬರ ಮದುವೆ ಊಟದ ಛತ್ರಕ್ಕೂ. ಪಟ್ಟಿ ಕರಗುತ್ತಾ ಹನ್ನೊಂದು ಹೆಸರಿಗೆ ಬಂತು. ಆ ಹನ್ನೊಂದರಲ್ಲಿ ಕಗ್ಗಲ್ಲು ಅಗತ್ಸುಮಾ ಗೆಂಪೇ ಅಜ್ಜ.

ಅಜ್ಜ ನಮ್ಮ ಬೆಟ್ಟದ ದಾರಿಯ ರೈಲು ಓಡಿಸಿ ನಿವೃತ್ತನಾದವನು. ಮೂವತ್ತಾರು ವರ್ಷದಲ್ಲಿ ಒಂದು ನಿಮಿಷ ತಡವಾದವನಲ್ಲ. ಅವನ ಬಿಳಿ ಕಾರಿನಲ್ಲಿ ಕೆಟ್ಟದ್ದು ಚಿಹಾರುವಿನದರಂತೆ ಸ್ಟೇರಿಂಗಿನದಲ್ಲ, ಪಕ್ಕದ ಸೀಟಿನ ಏರ್‌ಬ್ಯಾಗ್. ಆ ಸೀಟಿನಲ್ಲಿ ಮಂಗಳವಾರ, ಶುಕ್ರವಾರ ಮಂಡಿನೋವಿನ ಆಸ್ಪತ್ರೆಗೆ ಹೋಗುವವಳು ಅವನ ಹೆಂಡತಿ ಕಿನು ಅಜ್ಜಿ.

ದೂರು ಕೊಟ್ಟ ದಿನವೇ ಅಕ್ಕ ಹೊಶಿಕಾವಾನನ್ನು ಕರೆದುಕೊಂಡು ಅಜ್ಜನ ಮನೆಗೆ ಹೋದಳು. "ಪೊಲೀಸರೇ ಹೇಳಿದ್ರೆ ನಂಬ್ತಾನಲ್ಲ" ಎಂಬ ಆಸೆ. ಅಜ್ಜ ಬಾಗಿಲನ್ನು ಅಂಗೈಯಗಲ ಸರಿಸಿ ಇಣುಕಿದ.

"ಅಜ್ಜಾ, ನಾನು ಠಾಣೆಯ ಹೊಶಿಕಾವಾ. ಇವರು ನಿಜವಾಗ್ಲೂ ಕಾರಿನ ಅಂಗಡಿಯವರೇ. ನಾನು ಹೋಗಿ ನೋಡ್ಕೊಂಡು ಬಂದೆ."

ಅಜ್ಜ ಅವನನ್ನು ಟೋಪಿಯಿಂದ ಬೂಟಿನವರೆಗೆ ನೋಡಿದ. "ಈ ಬಟ್ಟೆ ಬಾಡಿಗೆಗೆ ಸಿಗುತ್ತೆ," ಅಂದ.

"ಅಜ್ಜಾ, ಬೆಳಿಗ್ಗೆ ನೀವೇ ಬಂದು ನನ್ನ ಕೈಲೇ ದೂರು ಕೊಟ್ರಲ್ಲ."

"ಕೊಟ್ಟೆ. ಅವನು ಕನ್ನಡಕ ಹಾಕಿದ್ದ."

ಹೊಶಿಕಾವಾ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ. ಆಗ ಬಾಗಿಲು ಇನ್ನೊಂದು ಅಂಗೈ ಸರಿಯಿತು. ಅಕ್ಕ ಸಿಕ್ಕಿದ್ದೇ ಸಮಯ ಎಂದು ಡಬ್ಬಿಯ ವಿಷಯ ಶುರುಮಾಡಿದಳು. ಅಜ್ಜ ಕೈ ಎತ್ತಿ ತಡೆದ.

"ನೋಡಮ್ಮಾ. ಮೂವತ್ತಾರು ವರ್ಷ ರೈಲು ಓಡಿಸಿದ್ದೀನಿ, ಹದಿನೇಳು ವರ್ಷದಿಂದ ಕಾರು. ಒಂದು ಬೆಕ್ಕಿಗೂ ಗುದ್ದಿಲ್ಲ. ಗುದ್ದಿದ್ರೆ ತಾನೆ ಆ ಚೀಲ ಬಿಚ್ಚೋದು?"

"ಹೌದು."

"ನಾನು ಗುದ್ದೋದಿಲ್ಲ. ಗುದ್ದದವನಿಗೆ ಅದು ಕೆಟ್ಟರೇನು, ನೆಟ್ಟಗಿದ್ದರೇನು?"

"ನೀವು ಗುದ್ದದೇ ಇರಬಹುದು. ಬೇರೆಯವರು ಬಂದು ನಿಮಗೆ ಗುದ್ದಿದ್ರೆ?"

"ಅದು ಅವರ ತಪ್ಪು," ಅಂದು ಅಜ್ಜ ಬಾಗಿಲು ಮುಚ್ಚಿದ.

ಅಂಗಡಿಗೆ ಬಂದು ಅಕ್ಕ ಚಹಾದ ಲೋಟವನ್ನು ಎಷ್ಟು ಜೋರಾಗಿ ಇಟ್ಟಳೆಂದರೆ ವರ್ಕ್‌ಶಾಪಿನವರೆಗೆ ಕೇಳಿಸಿತು. ಇಗರಾಶಿ ಸಮಾಧಾನ ಮಾಡಲು ಬಂದರು. "ಬಿಡಿ. ರೀಕಾಲ್ ಮಾಡಿಸದ ಕಾರು ಮುಂದಿನ ಸರ್ಕಾರಿ ತಪಾಸಣೇಲಿ ಪಾಸಾಗಲ್ಲ. ಆಗ ತಾನೇ ಬರ್ತಾನೆ."

"ಅವರ ತಪಾಸಣೆ ಇನ್ನೂ ಹದಿನೈದು ತಿಂಗಳಿದೆ. ಅಲ್ಲಿವರೆಗೆ ಅಜ್ಜಿ ವಾರಕ್ಕೆ ಎರಡು ಸಲ ಆ ಸೀಟಲ್ಲಿ ಕೂರಬೇಕು. ನಿಮ್ಮ ಅಮ್ಮನಾಗಿದ್ರೆ ಕೂರಿಸ್ತಿದ್ರಾ?"

ಇಗರಾಶಿ ಬಂದ ದಾರಿಯಲ್ಲೇ ಹೋದರು.

ಮರುವಾರ ಮಂಗಳವಾರ ಅಕ್ಕ ಅರ್ಧ ದಿನ ರಜ ಹಾಕಿ ಆಸ್ಪತ್ರೆಯ ಬೆಂಚಿನ ಮೇಲೆ ಕಿನು ಅಜ್ಜಿಯ ಪಕ್ಕ ಕೂತಳು. ಇದನ್ನು ಮೊದಲೇ ಯಾಕೆ ಮಾಡಲಿಲ್ಲ ಎಂದು ಆಮೇಲೆ ಎಷ್ಟೋ ಸಲ ತಲೆ ಚಚ್ಚಿಕೊಂಡಿದ್ದಾಳೆ. ಅಜ್ಜಿ ಎಲ್ಲವನ್ನೂ ಸಾವಧಾನವಾಗಿ ಕೇಳಿದಳು. ಚೀಲದಿಂದ ಉಪ್ಪಿನಲ್ಲಿ ಹಾಕಿದ ಬದನೆಕಾಯಿಯ ಡಬ್ಬ ತೆಗೆದು, "ತಗೋ, ಮೊದಲು ಒಂದು ತಿನ್ನು," ಅಂದಳು. ಆಮೇಲೆ, "ಐವತ್ತೆರಡು ವರ್ಷ ಸಂಸಾರ ಮಾಡಿದ್ದೀನಿ. ಅವರಿಗೆ ಹೇಳಿ ಏನೂ ಆಗಲ್ಲ. ಹೇಳದೇ ಮಾಡಬೇಕು."

ಆ ದಿನ ಆಸ್ಪತ್ರೆಯಿಂದ ಹೊರಗೆ ಬಂದ ಅಜ್ಜಿ ಮುಂದಿನ ಬಾಗಿಲು ಬಿಟ್ಟು ಹಿಂದಿನ ಬಾಗಿಲು ತೆಗೆದು ಕೂತಳು.

"ಇದೇನು?" ಅಂದ ಅಜ್ಜ.

"ಇಲ್ಲಿ ಕಾಲು ಚಾಚಬಹುದು. ನಡೀರಿ."

ಶುಕ್ರವಾರವೂ ಹಿಂದೆ. ಭಾನುವಾರ ಹಿರಿಯರ ಗೋರಿ ತೊಳೆಯಲು ಹೋದಾಗಲೂ ಹಿಂದೆ. ಊರು ಸಣ್ಣದು, ಜನಕ್ಕೆ ಕಣ್ಣು ದೊಡ್ಡದು. ತರಕಾರಿ ಅಂಗಡಿಯವನು ಅಜ್ಜನನ್ನು ನಿಲ್ಲಿಸಿ, "ಏನಜ್ಜಾ, ಟ್ಯಾಕ್ಸಿ ಶುರು ಮಾಡಿದ್ರಂತೆ. ನನ್ನ ಅತ್ತೆಯನ್ನೂ ಸ್ಟೇಷನ್ನಿಗೆ ಬಿಡ್ತೀರಾ?" ಎಂದು ಕೇಳಿದನಂತೆ. ಹಳೇ ರೈಲಿನ ಗೆಳೆಯರು, "ಹೆಂಡತಿ ಜೊತೆ ಜಗಳಾನಾ?" ಎಂದು ಕೆಣಕಿದರಂತೆ. ಪೊಲೀಸರಿಗೂ ಬಗ್ಗದ ಅಜ್ಜ ಮೂರನೇ ವಾರಕ್ಕೆ ಬಗ್ಗಿದ.

ಚೆರ್ರಿ ಹಣ್ಣು ಕೊಯ್ಯುವ ಜೂನ್ ತಿಂಗಳು. ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಬಿಳಿ ಕಾರು ಬಂದು ಬಾಗಿಲಿಗಡ್ಡ ನಿಂತಿತ್ತು. ಅಜ್ಜ ಕೀಲಿಯನ್ನು ಅಕ್ಕನ ಮೇಜಿನ ಮೇಲೆ ಕುಕ್ಕಿದ. "ಮಾಡು. ಏನು ಮಾಡ್ತೀಯೋ ಮಾಡು. ನನ್ನ ಹೆಂಡತಿ ನನ್ನ ಪಕ್ಕ ಕೂರಬೇಕು."

ಅಕ್ಕ ಬಗ್ಗಿ ನಮಸ್ಕರಿಸಿ ನನ್ನನ್ನು ಕರೆದಳು. ನಾನು ಗೋದಾಮು ನೋಡಿದೆ, ಕಂಪ್ಯೂಟರ್ ನೋಡಿದೆ, ಮತ್ತೆ ಗೋದಾಮು ನೋಡಿದೆ. ಪಕ್ಕದ ಸೀಟಿನ ಡಬ್ಬಿ ಒಂದೂ ಇರಲಿಲ್ಲ. ದೇಶದಲ್ಲೆಲ್ಲ ಅದಕ್ಕೆ ಸಾಲು ಹತ್ತಿತ್ತು.

ಅಕ್ಕ ಅಲ್ಲೇ ನಿಂತು, ಅಜ್ಜನ ಎದುರೇ, ಹೆಡ್ ಆಫೀಸಿಗೆ ಫೋನ್ ಹಚ್ಚಿದಳು. ಆ ಕಡೆಯ ಹುಡುಗ ತಿಂಗಳು ಲೆಕ್ಕ ಹಾಕಿ, "ಸೆಪ್ಟೆಂಬರ್. ಅಲ್ಲಿವರೆಗೆ ಆ ಸೀಟಿನಲ್ಲಿ ಯಾರೂ ಕೂರಬಾರದು ಅಂತ ಗ್ರಾಹಕರಲ್ಲಿ ವಿನಂತಿಸಿಕೊಳ್ಳಿ," ಅಂದ.

"ವಿನಂತಿಸಿಕೊಳ್ಳಬೇಕಾ?" ಅಕ್ಕನ ದನಿ ಬಸ್ಸಿನ ಗೈಡಿನ ದನಿಯಾಗಿ ಉಳಿದಿರಲಿಲ್ಲ. "ಎರಡು ವರ್ಷ ಬನ್ನಿ ಬನ್ನಿ ಅಂತ ಬೇಡ್ಕೊಂಡಿದ್ದೀನಿ. ಕಳ್ಳಿ ಅನ್ನಿಸಿಕೊಂಡಿದ್ದೀನಿ. ಮನುಷ್ಯ ಬಂದು ಎದುರಿಗೆ ನಿಂತಿದ್ದಾರೆ. ಈಗ ಹೋಗಿ ಬನ್ನಿ ಅಂತ ನೀವೇ ಹೇಳಿ, ಫೋನ್ ಕೊಡ್ತೀನಿ, ತಗೊಳ್ಳಿ."

ಹುಡುಗ ಕಟ್ ಮಾಡಿದ. ಅಜ್ಜ ಫೋನಿನ ಕಡೆ ಬಗ್ಗಿ ನೋಡಿದ. "ಇಟ್ಟನಾ?" ಎಂದು ಕೇಳಿದ.

"ಇಟ್ಟ."

"ಮರ್ಯಾದೆ ಇಲ್ಲದವನು," ಅಂದ ಅಜ್ಜ, ತಾನು ಒಂಬತ್ತು ಸಲ ಮಾಡಿದ್ದು ಅದನ್ನೇ ಎಂಬುದು ಒಂದಿಷ್ಟೂ ನೆನಪಿಲ್ಲದವನ ಹಾಗೆ.

ಅಕ್ಕ ಎದ್ದು ಇಗರಾಶಿಯವರ ಕೋಣೆಗೆ ಹೋಗಿ, ಗಿರಾಕಿಗಳಿಗೆ ತೋರಿಸಲು ಇಟ್ಟಿದ್ದ ಹೊಚ್ಚ ಹೊಸ ಕಾರಿನ ಕೀಲಿಯನ್ನು ಮೊಳೆಯಿಂದ ತೆಗೆದುಕೊಂಡು ಬಂದಳು. ಹಿಂದೆಯೇ ಇಗರಾಶಿ ಓಡಿ ಬಂದರು. "ತೊಗಾಶಿ ಸಾನ್, ಅದು ತೋರಿಸೋ ಕಾರು."

"ಅಗತ್ಸುಮಾ ಸಾನ್ ಊರೆಲ್ಲ ಓಡಿಸಿ ತೋರಿಸ್ತಾರೆ," ಅಂದಳು ಅಕ್ಕ.

ಹಾಗೆ ಅಜ್ಜ ಮೂರು ತಿಂಗಳು ಹೊಸ ಕಾರು ಓಡಿಸಿದ. ಗೆರೆ ದಾಟಿದರೆ ಅದು ಪಿಂ ಎನ್ನುತ್ತಿತ್ತು, ಹಿಂದೆ ಸರಿದರೆ ಪಿಂ ಎನ್ನುತ್ತಿತ್ತು. ಅಜ್ಜ ವಾರಕ್ಕೊಮ್ಮೆ ಬಂದು, "ನಿನ್ನ ಕಾರು ನನಗೆ ಬುದ್ಧಿ ಹೇಳುತ್ತೆ. ನಿನ್ನ ಹಾಗೇ," ಎಂದು ಅಕ್ಕನಿಗೆ ದೂರು ಹೇಳಿ ಹೋಗುತ್ತಿದ್ದ. ಕಿನು ಅಜ್ಜಿ ಮಾತ್ರ ಪಕ್ಕದ ಸೀಟಿನಲ್ಲಿ ರಾಣಿಯಂತೆ ಕೂತು ಹೋಗುತ್ತಿದ್ದಳು.

ಸೆಪ್ಟೆಂಬರ್ ಕೊನೆಗೆ ಡಬ್ಬಿ ಬಂತು. ಬದಲಿಸಲು ನನಗೆ ಹಿಡಿದದ್ದು ನಲವತ್ತು ನಿಮಿಷ. ಅಜ್ಜ ವರ್ಕ್‌ಶಾಪಿನೊಳಗೇ ಬಂದು ನಿಂತು ನೋಡಿದ. ತೆಗೆದ ಹಳೆಯದನ್ನು, ಕಂಪನಿಗೆ ವಾಪಸ್ಸು ಕಳಿಸುವ ಪೆಟ್ಟಿಗೆಗೆ ಹಾಕುವ ಮೊದಲು, ದೂರದಿಂದಲೇ ತೋರಿಸಿದೆ.

"ಇಷ್ಟು ಸಣ್ಣದಾ?" ಅಂದ. "ಇದರಿಂದ ಯಾರಿಗಾದ್ರೂ ಏನಾದ್ರೂ ಆಗಿದೆಯಾ?"

ಅಕ್ಕ ಚಿಹಾರುವಿನ ವಿಷಯ ಹೇಳಿದಳು. ಬಸ್ಸಿನಲ್ಲಿ ಕಥೆ ಹೇಳುವ ಹಾಗೆ ಹೇಳಲಿಲ್ಲ. ತಾರೀಕು, ರಸ್ತೆ, ಬೆರಳು, ಅಷ್ಟೇ. ಅಜ್ಜ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಚಿಹಾರು ಅವನ ಕೂದಲನ್ನೂ ಕತ್ತರಿಸಿದ್ದಳಂತೆ. ಅಂಗಡಿ ಯಾಕೆ ಮುಚ್ಚಿತು ಎಂದು ಅವನು ಯಾರನ್ನೂ ಕೇಳಿರಲಿಲ್ಲ.

"ಇದನ್ನ ಮೊದಲೇ ಹೇಳಬಾರದಿತ್ತಾ?"

"ಒಂಬತ್ತು ಸಲ ಫೋನ್ ಮಾಡಿದೆ. ಪ್ರತಿ ಸಲ ನಾಲ್ಕನೇ ಮಾತಿಗೆ ಫೋನ್ ಇಟ್ರಿ."

"ಮೊದಲನೇ ಮಾತಿಗೇ ಹೇಳಬೇಕಿತ್ತು," ಅಂದ ಅಜ್ಜ. ಅಕ್ಕನ ಮುಖ ಕೆಂಪಾಯಿತು. ಅವನು ಹೇಳಿದ್ದು ಸರಿ ಎಂದು ಅವಳಿಗೆ ಹೊಳೆದಿತ್ತು. ಆ ಸಿಟ್ಟು ಎಲ್ಲಕ್ಕಿಂತ ದೊಡ್ಡದು ಎಂದು ನನಗೆ ಆಮೇಲೆ ಹೇಳಿದಳು.

ಹನ್ನೊಂದರಲ್ಲಿ ಉಳಿದ ಹತ್ತಕ್ಕೆ ಅವಳು ಹಾಗೇ ಮಾಡಿದಳು. ಚಿಹಾರುವಿನ ಒಪ್ಪಿಗೆ ಕೇಳಿ, ನಮಸ್ಕಾರಕ್ಕೂ ಮೊದಲು ಆ ಎರಡು ಬೆರಳಿನ ಮಾತು. ಏಳು ಜನ ಆ ತಿಂಗಳೇ ಬಂದರು. ಒಂದು ಕಾರು ಬೇರೆ ದೇಶಕ್ಕೆ ಮಾರಾಟವಾಗಿತ್ತು, ಒಂದರ ಒಡೆಯ ತೀರಿಹೋಗಿ ಕಾರು ಕೊಟ್ಟಿಗೆಯಲ್ಲೇ ನಿಂತಿತ್ತು, ಒಂದರ ಒಡೆಯ ಈಗಲೂ ಫೋನ್ ಎತ್ತುವುದಿಲ್ಲ. ಚಿಹಾರು ಎಡಗೈ ಪಳಗಿಸಿಕೊಂಡು ಯಾಮಗಾತಾ ಪೇಟೆಯ ಕ್ಷೌರದ ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಅಕ್ಕ ತಲೆಗೂದಲು ಕತ್ತರಿಸಿಕೊಳ್ಳಲು ಅವಳ ಶಿಷ್ಯರ ಹತ್ತಿರವೇ ಹೋಗುತ್ತಾಳೆ. ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ ಮಾಡಿಸಿಕೊಂಡು ಬರುತ್ತಾಳೆ.

ಕಳೆದ ತಿಂಗಳು ಇಗರಾಶಿ ಇನ್ನೊಂದು ಪಟ್ಟಿ ತಂದು ಅವಳ ಮೇಜಿನ ಮೇಲಿಟ್ಟರು. ಈ ಸಲ ಸೀಟ್‌ಬೆಲ್ಟಿನ ಕೊಕ್ಕೆ, ಎಳೆದರೆ ತಾನೇ ಬಿಚ್ಚಿಕೊಳ್ಳುತ್ತದಂತೆ. ನೂರ ತೊಂಬತ್ತು ಕಾರು.

"ಬೇಜಾರು ಮಾಡ್ಕೋಬೇಡಿ ತೊಗಾಶಿ ಸಾನ್," ಅಂದರು.

"ಬೇಜಾರೇ," ಅಂದಳು ಅಕ್ಕ. ಕನ್ನಡಕ ಹಾಕಿಕೊಂಡು ಮೊದಲನೇ ಹೆಸರಿನ ಮೇಲೆ ಬೆರಳಿಟ್ಟಳು. "ಇದರಿಂದ ಯಾರಿಗೆ ಏನಾಗಿದೆ, ಮೊದಲು ಅದನ್ನ ತಿಳ್ಕೊಂಡು ಬಂದು ಹೇಳಿ. ಆಮೇಲೆ ಫೋನ್ ಮಾಡ್ತೀನಿ."