ಎದುರಿನ ಹಿಡಿ

ಪುರವರದ ಸುತ್ತಮುತ್ತ ಮರ ಕೊಯ್ಯಿಸಬೇಕಾದವರು "ರಂಗಂದಿರಿಗೆ ಹೇಳಿ ಕಳಿಸಿ" ಎನ್ನುತ್ತಿದ್ದರು. ಒಬ್ಬನನ್ನೇ ಹೆಸರು ಹಿಡಿದು ಕರೆಯುವ ರೂಢಿ ಇರಲಿಲ್ಲ. ದೊಡ್ಡರಂಗಪ್ಪ ಅಣ್ಣ, ಸಣ್ಣರಂಗಯ್ಯ ತಮ್ಮ. ಇಬ್ಬರಿಗೂ ಸೇರಿ ಒಂದೇ ಗರಗಸ. ಆಳುದ್ದದ ಅಲಗು, ಎರಡು ತುದಿಗೂ ಒಂದೊಂದು ಮರದ ಹಿಡಿ. ನಡುವಿನಿಂದ ಅರ್ಧ ಹಲ್ಲುಗಳು ಅಣ್ಣನ ಕಡೆಗೆ ಬಾಗಿದ್ದರೆ ಉಳಿದವು ತಮ್ಮನ ಕಡೆಗೆ ಬಾಗಿದ್ದವು. ತಂದೆ ಕಲಿಸಿಹೋದ ಪಾಠವೂ ಅಷ್ಟೇ ಸರಳವಾದದ್ದು: ಹಲ್ಲು ಯಾರ ಕಡೆಗೋ ಎಳೆತ ಅವನದು, ಎದುರಿನವನು ಎಳೆಯುವಾಗ ಸುಮ್ಮನೆ ಬಿಟ್ಟುಕೊಡಬೇಕು, ತಳ್ಳಬಾರದು.

ದಪ್ಪ ಮರದ ಆಚೆ ಕುಳಿತ ಅಣ್ಣನ ಮುಖ ಕಾಣದಿದ್ದರೂ ಅವನ ಮನಸ್ಸು ಸಣ್ಣರಂಗಯ್ಯನ ಅಂಗೈಗೆ ತಿಳಿಯುತ್ತಿತ್ತು. ಅತ್ತಿಗೆ ಓಬಳಮ್ಮನೊಡನೆ ಜಗಳವಾಡಿ ಬಂದ ದಿನ ಎಳೆತ ಬಿರುಸು. ಹಬ್ಬದ ಮರುದಿನ ಸೋಮಾರಿ ಎಳೆತ. ಹೀಗೆ ಒಬ್ಬರ ಕೈಯನ್ನು ಒಬ್ಬರು ಓದಿಕೊಂಡೇ ಇಬ್ಬರ ತಲೆಯೂ ನರೆತಿತ್ತು.

ಕಳೆದ ಬೇಸಿಗೆಯಲ್ಲಿ ಆ ಎಳೆತ ಬಡವಾಯಿತು. ದೊಡ್ಡರಂಗಪ್ಪನಿಗೆ ಉಬ್ಬಸ ಹತ್ತಿತ್ತು. ಇಷ್ಟು ವರ್ಷ ಮರದ ಹೊಟ್ಟು ಕುಡಿದ ಎದೆ ಇದು, ಇನ್ನು ಗರಗಸ ಮುಟ್ಟಬಾರದು ಎಂದು ಮಧುಗಿರಿಯ ವೈದ್ಯರು ಹೇಳಿದರೂ ಅವನು ಕೇಳಲಿಲ್ಲ. ತಮ್ಮ ಒಂದು ಉಪಾಯ ಮಾಡಿದ. ಅಣ್ಣನ ಸರದಿ ಬಂದಾಗ ತಾನು ಮೆಲ್ಲಗೆ ತಳ್ಳತೊಡಗಿದ. ಎಷ್ಟು ಮೆಲ್ಲಗೆ ತಳ್ಳಿದರೂ ಅಲಗು ನಡುಗದೆ ಇರುತ್ತದೆಯೇ? ಮರದ ಆಚೆಯಿಂದ ಮಾತು ಬಂತು.

"ತಳ್ಳತಿದ್ದೀಯೇನ್ಲಾ?"

"ಇಲ್ಲ ಕಣಣ್ಣ."

ಅಂದು ಸಂಜೆ ದೊಡ್ಡರಂಗಪ್ಪ ಊಟ ಮಾಡಲಿಲ್ಲವೆಂದು ಓಬಳಮ್ಮ ಬಂದು ಹೇಳಿದಳು.

ಅಣ್ಣನಿಗೆ ಎಳೆಯುವ ಕೆಲಸ ತಪ್ಪಬೇಕು, ಆದರೆ ಅವನು ಪಕ್ಕದಿಂದ ತಪ್ಪಬಾರದು; ಸಣ್ಣರಂಗಯ್ಯನ ಆಸೆ ಇಷ್ಟೇ. ಯಂತ್ರದ ಗರಗಸ ತಂದರೆ ಅಣ್ಣ ನೆರಳಲ್ಲಿ ಕುಳಿತು ಮರ ಯಾವ ಕಡೆಗೆ ಬೀಳಬೇಕೆಂದು ಹೇಳಿದರೆ ಸಾಕು ಎಂದು ಅವನು ಲೆಕ್ಕ ಹಾಕಿದ. ಹೆಸರಾಂತ ಕಂಪನಿಯ ಯಂತ್ರ ಕೈಗೆಟುಕುವಂತಿರಲಿಲ್ಲ. ಅದೇ ಅಳತೆಯ ಬಿಡಿಭಾಗಗಳೆಲ್ಲ ಒಂದು ಪೆಟ್ಟಿಗೆಯಲ್ಲಿ ಅಗ್ಗಕ್ಕೆ ಬರುತ್ತವೆ, ಜೋಡಿಸಿಕೊಳ್ಳುವುದು ಮಾತ್ರ ನಮ್ಮ ಕೆಲಸ ಎಂದು ಶಿರಾದ ಮೋಟಾರು ರಿಪೇರಿಯವನೊಬ್ಬ ತಿಳಿಸಿ, ತಾನೇ ತರಿಸಿಯೂ ಕೊಟ್ಟ.

ಔಷಧಿ ಸಿಂಪಡಿಸುವ ಯಂತ್ರವನ್ನು ಬಿಚ್ಚಿ ಕಟ್ಟಿದ ಅನುಭವ ಸಣ್ಣರಂಗಯ್ಯನಿಗಿತ್ತು. ಜಗಲಿಯ ಮೇಲೆ ಗೋಣಿಚೀಲ ಹಾಸಿ ಭಾಗಗಳನ್ನು ಹರಡಿದ. ಪಿಸ್ಟನ್ನಿಗೆ ಎಣ್ಣೆ ಸವರಿ, ರಿಂಗನ್ನು ಉಗುರಿನಿಂದ ಅದುಮಿ ಸಿಲಿಂಡರಿಗೆ ಇಳಿಸಿದ. ಒಂದು ತೂತು ತುಸು ಓರೆಯಾಗಿತ್ತು. ಅರದಿಂದ ಉಜ್ಜಿ ಸರಿಮಾಡಿಕೊಂಡ. ಕಾರ್ಬೊರೇಟರು, ಪ್ಲಗ್ಗು, ಎಳೆದು ಚಾಲೂ ಮಾಡುವ ಹಗ್ಗ ಎಲ್ಲ ಕೂತವು. ಕೊನೆಗೆ ಉದ್ದನೆಯ ಪಟ್ಟಿಗೆ ಹಲ್ಲಿನ ಚೈನು ತೊಡಿಸಿದ. ದೊಡ್ಡರಂಗಪ್ಪ ಕಂಬಕ್ಕೊರಗಿ ನೋಡುತ್ತಲೇ ಇದ್ದ. ಚೈನು ಏರಿದಾಗ ಒಮ್ಮೆ ಬಾಯಿ ತೆರೆದವನು ಕೆಮ್ಮಿ ಸುಮ್ಮನಾದ.

ಮೊದಲ ಕೆಲಸ ಮಲ್ಲಿಕಾರ್ಜುನಯ್ಯನವರ ಹೊಲದಲ್ಲಿ ಒಣಗಿ ನಿಂತ ಹುಣಸೆಮರ. ಮರಕ್ಕೆ ಅರಿಸಿನ ಹಚ್ಚಿ "ಮುನೀಬ್ಯಾಡ ತಾಯಿ" ಎಂದು ಕೇಳಿಕೊಳ್ಳುವುದು ಹಿರಿಯನ ಪಾಲು. ಅದನ್ನು ದೊಡ್ಡರಂಗಪ್ಪ ಮುಗಿಸಿದ. ಯಂತ್ರ ಗುರ್ರೆಂದು ಎದ್ದಾಗ ಸಣ್ಣರಂಗಯ್ಯನ ಎದೆ ಹಿಗ್ಗಿತು. ಆದರೆ ಮರಕ್ಕೆ ಹಿಡಿದರೆ ಹೊಟ್ಟು ಉದುರಲಿಲ್ಲ. ಹೊಗೆ ಎದ್ದಿತು, ತೊಗಟೆ ಕರಕಲಾಯಿತು. ಅದುಮಿ ಹಿಡಿದಷ್ಟೂ ಹೊಗೆ ಹೆಚ್ಚಾಯಿತು.

ಮಲ್ಲಿಕಾರ್ಜುನಯ್ಯನವರು ಮೂಗಿಗೆ ಟವೆಲು ಹಿಡಿದರು. "ಏನ್ಲಾ ಸಣ್ರಂಗ, ಮರ ಕುಯ್ಯಕ್ ತಂದ್ಯೋ, ಸೊಳ್ಳೆ ಓಡ್ಸಕ್ ತಂದ್ಯೋ?"

ಅಗ್ಗದ ಮಾಲು ಮೋಸ ಮಾಡಿತು ಎಂದುಕೊಂಡು ಸಣ್ಣರಂಗಯ್ಯ ಯಂತ್ರವನ್ನು ಕೆಳಗಿಟ್ಟ. ಹಳೆಯ ಗರಗಸ ಗಾಡಿಯಲ್ಲೇ ಇತ್ತು. ತರುವುದು ಬೇಡವೆಂದರೂ ಅಣ್ಣ ಹೇರಿಸಿದ್ದ. ಈಗ ಅವನೇ ಹೋಗಿ ಅದನ್ನು ತಂದು, ಮರದ ಆಚೆ ಕುಕ್ಕರಗಾಲಿನಲ್ಲಿ ಕುಳಿತ. ತಮ್ಮ ಈಚೆ ಕುಳಿತ. ಮೊದಲ ಎಳೆತಗಳು ಹಳೆಯ ಕಾಲದಂತೆಯೇ ಇದ್ದವು. ಹೊಟ್ಟು ಬೆಚ್ಚಗೆ ಪಾದದ ಮೇಲೆ ಬಿತ್ತು. ಆಮೇಲೆ ಅಲಗು ತಡೆದು ತಡೆದು ಬಂತು. ಸಣ್ಣರಂಗಯ್ಯ ಈ ಸಲ ತಳ್ಳಲಿಲ್ಲ, ಕಾದ. ಅಲಗು ನಿಂತೇ ಹೋಯಿತು. ಎದ್ದು ಹೋಗಿ ನೋಡಿದರೆ ಅಣ್ಣ ಹಣೆಯನ್ನು ಮರಕ್ಕೆ ಆನಿಸಿ ಉಸಿರಿಗಾಗಿ ಒದ್ದಾಡುತ್ತಿದ್ದ.

ನೀರು ಕುಡಿದು ಸುಧಾರಿಸಿಕೊಂಡ ಮೇಲೆ ದೊಡ್ಡರಂಗಪ್ಪ ಯಂತ್ರದ ಕಡೆಗೆ ಕೈತೋರಿದ.

"ಚೈನು ತಿರುವಾಕಿದ್ದೀಯ. ನಮ್ಮ ಗರಗಸದಂಗೆ ಮ್ಯಾಲಿನ ಹಲ್ಲ ನಿನ್ ಕಡೀಕೆ ಮಾಡಿದ್ದೀಯ. ಅದು ಸುತ್ತೋದು ಕಣ್ಲಾ. ಮ್ಯಾಲಿಂದು ಆ ಕಡೀಕೆ ಓಯ್ತದೆ, ಮರ ಕಚ್ಚೋದು ಕೆಳಗಿನ ಹಲ್ಲು. ಅದು ನಿನ್ ಕಡೀಕೆ ಬರ್ಬೇಕು."

ಸಣ್ಣರಂಗಯ್ಯ ಚೈನನ್ನು ನೋಡಿದ, ಅಣ್ಣನನ್ನು ನೋಡಿದ. "ಯಾವಾಗ ಕಂಡೆ?"

"ಜಗಲಿ ಮ್ಯಾಲೆ ನೀನು ಆಕೋವಾಗ್ಲೇ."

"ಹೇಳ್ಬಾರ್ದಾಗಿತ್ತಾ ಅಣ್ಣಯ್ಯ?"

ದೊಡ್ಡರಂಗಪ್ಪ ಅಂಗಾಲಿನ ಹೊಟ್ಟು ಒರೆಸಿಕೊಳ್ಳುತ್ತ ಕುಳಿತ. "ಇದೊಂದು ಮರ ಇಬ್ರೂ ಕುಯ್ಯಾನ ಅಂತಿದ್ದೆ. ಆಗ್ಲಿಲ್ಲ, ಬುಡು. ತಿರುಗ್ಸಾಕು ಅದನ್ನ."

ಸಣ್ಣರಂಗಯ್ಯ ನಟ್ಟು ಸಡಿಲಿಸಿದ. ಅಣ್ಣನನ್ನು ಪಕ್ಕದಲ್ಲೇ ಉಳಿಸಿಕೊಳ್ಳಲೆಂದು ಕಟ್ಟಿದ ಯಂತ್ರಕ್ಕೆ ಒಬ್ಬನೇ ಸಾಕು ಎಂಬುದು ಅವನಿಗಿಂತ ಮೊದಲು ಅಣ್ಣನಿಗೆ ತಿಳಿದಿತ್ತು. ಅಷ್ಟು ತಿಳಿದೂ, ಯಂತ್ರ ಕೆಟ್ಟಿದೆ ಎಂದೇ ತಮ್ಮನನ್ನು ನಂಬಿಸಿ ಅದನ್ನು ಮೂಲೆಗೆ ಹಾಕಿಸಬಹುದಾಗಿದ್ದವನು ದೋಷವನ್ನು ತಾನೇ ತೋರಿಸಿಕೊಟ್ಟಿದ್ದ.

ಚೈನು ತಿರುಗಿಸಿ ಹಾಕಿದ ಮೇಲೆ ಹೊಟ್ಟು ರಾಗಿಹಿಟ್ಟಿನಂತೆ ಚಿಮ್ಮಿತು. ಅರ್ಧ ದಿನ ಹಿಡಿಯುತ್ತಿದ್ದ ಮರ ಬೀಡಿ ಸೇದುವಷ್ಟು ಹೊತ್ತಿನಲ್ಲಿ ಕೊನೆಗೆ ಬಂತು. ಆಗ ಸಣ್ಣರಂಗಯ್ಯ ತಲೆಯೆತ್ತಿ ನೋಡಿದ. ಅಣ್ಣ ಮರದ ಆಚೆ, ಎಂದಿನ ತನ್ನ ಜಾಗದಲ್ಲಿ ನಿಂತಿದ್ದ. ಮರ ವಾಲುತ್ತಿದ್ದುದು ಆ ಕಡೆಗೇ. ಗರಗಸದ ಕಾಲದಲ್ಲಿ ಮರ ಬೀಳುವ ಮುನ್ನ ಹಿಡಿಯನ್ನು ಎರಡು ಸಲ ಜಗ್ಗಿದರೆ ಇಬ್ಬರೂ ಎದ್ದು ದೂರ ಸರಿಯುತ್ತಿದ್ದರು. ಇಂದು ಜಗ್ಗುವುದಕ್ಕೆ ಏನಿತ್ತು? ಯಂತ್ರದ ಸದ್ದನ್ನು ಮೀರಿಸಿ ಅವನು ಕೂಗಲೇಬೇಕಾಯಿತು.

"ಅಣ್ಣಯ್ಯ, ಅಲ್ಲಿ ನಿಲ್ಬ್ಯಾಡ. ದೂರ ಓಗು."

ದೊಡ್ಡರಂಗಪ್ಪ ತಲೆಯಾಡಿಸಿದ. ಹೆಗಲ ಮೇಲಿನ ಟವೆಲು ಸರಿಪಡಿಸಿಕೊಂಡು, ಬದುವಿನ ಮೇಲೆ ನಿಂತಿದ್ದ ಮಲ್ಲಿಕಾರ್ಜುನಯ್ಯನವರ ಪಕ್ಕಕ್ಕೆ ನಡೆದುಹೋಗಿ, ನೋಡಲು ಬಂದವನಂತೆ ನಿಂತುಕೊಂಡ.