ಭುಜ ಗುಣವಾಗದಿರಲಿ ಎಂದುಕೊಂಡ ದಿನಗಳು

ಗದಗ ಹೊಸ ಜಿಲ್ಲೆಯಾದಾಗ ನಾನು ಲಕ್ಷ್ಮೇಶ್ವರದ ಒಂದು ಪ್ರಾಥಮಿಕ ಶಾಲೆಯಲ್ಲಿ ಮೂರನೆಯ ಇಯತ್ತೆಗೆ ಕಲಿಸುತ್ತಿದ್ದೆ. ನಮ್ಮ ಕರಿಹಲಗೆಗಳ ಮೇಲ್ತುದಿಯಲ್ಲಿ ಶಾಲೆಯ ಹೆಸರು, ತಾಲೂಕು ಶಿರಹಟ್ಟಿ, ಜಿಲ್ಲಾ ಧಾರವಾಡ ಎಂದು ಬರೆದಿರುತ್ತಿತ್ತು. ಬೇರೆ ಕೋಣೆಗಳಲ್ಲೆಲ್ಲ ಧಾರವಾಡ ಅಳಿಸಿ ಗದಗ ಬಂತು. ನನ್ನ ಹಲಗೆಯ ಮೇಲೆ ಮಾತ್ರ ಧಾರವಾಡ ಗಟ್ಟಿಯಾಗಿ ಕುಳಿತಿತ್ತು. ಹಳೆಯ ಜಿಲ್ಲೆಯ ಮೇಲೆ ನನಗೇನೂ ವಿಶೇಷ ಮಮತೆ ಇರಲಿಲ್ಲ. ಬಲಗೈ ಅಷ್ಟೆತ್ತರಕ್ಕೆ ಏಳುತ್ತಿರಲಿಲ್ಲ, ಅಷ್ಟೆ.

ಭುಜ ಹಿಡಿದಿತ್ತು. ಜಡೆ ಹಾಕಿಕೊಳ್ಳಲು ಆಗುತ್ತಿರಲಿಲ್ಲ, ನೆಲುವಿನ ಮೇಲಿನ ಗಡಿಗೆ ಇಳಿಸಲು ಆಗುತ್ತಿರಲಿಲ್ಲ. ಹಿಂದಿನ ವರ್ಷ ನನ್ನ ಯಜಮಾನರು ತೀರಿಕೊಂಡಿದ್ದರು. ನಮಗೆ ಮಕ್ಕಳಿಲ್ಲ. ಮನೆಯಲ್ಲಿ ನಾನು ಮತ್ತು ಅತ್ತೆ, ಇಬ್ಬರೇ. ಜಗಳವಾಡುವಷ್ಟು ಸಲಿಗೆಯೂ ನಮ್ಮಲ್ಲಿ ಉಳಿದಿರಲಿಲ್ಲ. ನಾನು ಚಹಾ ಮಾಡಿ ಅವರ ಮುಂದೆ ನೆಲದ ಮೇಲೆ ಇಡುತ್ತಿದ್ದೆ, ಅವರು ರೊಟ್ಟಿ ಬಡಿದು ನನ್ನ ತಾಟಿನ ಪಕ್ಕಕ್ಕೆ ಸರಿಸುತ್ತಿದ್ದರು. ಒಬ್ಬರ ಮುಖದಲ್ಲಿ ಇನ್ನೊಬ್ಬರಿಗೆ ಅದೇ ಒಬ್ಬ ಮನುಷ್ಯ ಕಾಣುತ್ತಿದ್ದ. ಅದಕ್ಕೇ ಇಬ್ಬರೂ ಕಣ್ಣು ತಪ್ಪಿಸಿ ಬದುಕುವುದನ್ನು ಕಲಿತೆವು.

ಗುಳಿಗೆ, ಇಂಜೆಕ್ಷನ್ ಎಲ್ಲ ಮುಗಿದ ಮೇಲೆ ಯಾರೋ ಬೆಟಗೇರಿಯ ‘ಸೂಜಿ ಡಾಕ್ಟರ್ ಬಾಯಿ’ಯ ಖಬರು ಹೇಳಿದರು. ಮುಸಲ್ಮಾನರ ಮನೆಯ ಹೆಣ್ಣುಮಗಳು, ನನಗಿಂತ ಹತ್ತಾರು ವರ್ಷ ದೊಡ್ಡವರು. ಮುಂಬೈಯಲ್ಲಿದ್ದು ಚೀನಾದ ಸೂಜಿ ವೈದ್ಯ ಕಲಿತು ಬಂದಿದ್ದರು. ಶನಿವಾರ ಮುಂಜಾನೆಯ ಶಾಲೆ ಮುಗಿಸಿಕೊಂಡು ನಾನು ಗದಗಿನ ಬಸ್ಸು ಹತ್ತಿದೆ. ಯಳವತ್ತಿಯಲ್ಲಿ ಹತ್ತಿದ ಹೆಂಗಸರು ಮೆಣಸಿನಕಾಯಿ ಚೀಲವನ್ನು ನನ್ನ ಭುಜಕ್ಕೇ ಒರಗಿಸಿ ನಿಂತರು. ಅವರನ್ನೂ ಚೀನಾವನ್ನೂ ಕೂಡಿಸಿಯೇ ಬೈದುಕೊಂಡೆ.

ನೇಕಾರರ ಓಣಿಯಲ್ಲಿ ಕೆಳಗೆ ಮಗ್ಗ, ಮೇಲೆ ದವಾಖಾನೆ. ಮಗ್ಗದ ಸಪ್ಪಳ ಮಂಚದ ಕಾಲುಗಳಿಂದ ಮೈಗೆ ಹತ್ತುತ್ತಿತ್ತು. ಡಾಕ್ಟರ್ ಬಾಯಿ ನಾಲಿಗೆ ಹೊರಗೆ ಹಾಕಿಸಿ ನೋಡಿದರು.

“ಬೇನಿ ಎಲ್ಲೈತ್ರಿ ಅಕ್ಕಾರ?” ಎಂದು ಕೇಳಿದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಹಾಗೆಯೇ ಕರೆಯುವುದು.

“ಭುಜದಾಗ್ರಿ.”

ಅವರು ಭುಜವನ್ನು ಬಿಟ್ಟು ನನ್ನ ಮಣಿಕಟ್ಟು ಹಿಡಿದರು. ಮೂರು ಬೆರಳು ನಾಡಿಯ ಮೇಲಿಟ್ಟು ಕಣ್ಣು ಮುಚ್ಚಿದರು. ನನಗೆ ಕೈ ಕಿತ್ತುಕೊಂಡು ಓಡಬೇಕೆನಿಸಿತು. ಆ ಜಾಗವನ್ನು ಕೊನೆಯ ಸಲ ಹಿಡಿದಿದ್ದವರು ನನ್ನ ಬಳೆ ತೆಗೆದವರು. ಅದಾದ ಮೇಲೆ ನನ್ನನ್ನು ಯಾರೂ ಮುಟ್ಟಿರಲಿಲ್ಲ. ಹೀಗೆ ಯಾರೂ ಮುಟ್ಟಿಲ್ಲ ಎಂಬುದು ನನಗೆ ಗೊತ್ತಾದದ್ದೂ ಆಗಲೇ. ಮಕ್ಕಳು ಸೆರಗು ಜಗ್ಗುತ್ತಿದ್ದರು, ಬಸ್ಸಿನಲ್ಲಿ ಜನ ನೂಕುತ್ತಿದ್ದರು, ಅವು ಬೇರೆ. ನಿನಗೇನಾಗಿದೆ ಎಂದು ಕೇಳುವ ಕೈ ಬೇರೆ.

ಆಮೇಲೆ ಅವರು ಸೂಜಿ ಹಿಡಿದು ನನ್ನ ಕಾಲಿನ ಕಡೆಗೆ ಹೋದರು. ನನ್ನೊಳಗಿನ ಮಾಸ್ತರಿಕೆ ಸುಮ್ಮನಿರಲಿಲ್ಲ.

“ಬೇನಿ ಮ್ಯಾಲೆ ಐತ್ರಿ ಬಾಯಾರ, ನೀವು ಕಾಲಿಗೆ ಹೊಂಟೀರಲ್ಲ?”

“ನಿಮ್ಮ ಮನ್ಯಾಗ ಕರೆಂಟ್ ಹೋದ್ರ ದೀಪಾ ಒಂದ ನೋಡ್ತಾರೇನ್ರಿ? ತಂತಿ ಎಲ್ಲೆಲ್ಲಿ ಹಾದು ಬಂದೈತೋ ಅಲ್ಲೆಲ್ಲಾ ನೋಡ್ತಾರ. ಸುಮ್ಮ ಕೈ ಎತ್ರಿ.”

ಮೊಣಕಾಲಿನ ಕೆಳಗೆ ಇರುವೆ ಕಚ್ಚಿದಷ್ಟು ಚುರ್ ಎಂದಿತು. ಕೈ ಒಂದಿಷ್ಟು ಮೇಲೆ ಬಂತು. ನಾನು ಸೋತೆನೆಂದು ಹೇಳಲಿಲ್ಲ, ಅವರೂ ಕೇಳಲಿಲ್ಲ.

ಸೂಜಿ ತೆಗೆದ ಮೇಲೆ ಮಗ್ಗುಲಾಗಿ ಮಲಗಿಸಿ ನನ್ನ ಹೆಗಲಿನ ಹಿಂದೆ, ಬೆನ್ನಿನ ಎಲುಬಿನ ಹತ್ತಿರ ಅಂಗೈ ಇಟ್ಟರು. ಎಣ್ಣೆ ಹಚ್ಚಿ ಗಸಗಸ ತಿಕ್ಕುತ್ತಾರೆಂದು ನಾನು ಹಲ್ಲು ಕಚ್ಚಿ ಕಾಯುತ್ತಿದ್ದೆ. ಅವರು ತಿಕ್ಕಲಿಲ್ಲ, ಒತ್ತಲಿಲ್ಲ. ಕೈ ಸುಮ್ಮನೆ ಅಲ್ಲಿತ್ತು. ನನ್ನ ಉಸಿರು ಹೇಗೆ ಹೋದರೆ ಹಾಗೆ ಅದೂ ಹೋಗುತ್ತಿತ್ತು. ಇದಕ್ಕೆ ಇಷ್ಟು ದೂರ ಬರಬೇಕಿತ್ತೇ ಎಂದು ಅರ್ಧ ಮನಸ್ಸು ಹೇಳುವಷ್ಟರಲ್ಲಿ ಕಣ್ಣೀರು ಇಳಿದು ಕಿವಿಯೊಳಗೆ ಹೋಯಿತು. ನಾನು ಯಜಮಾನರ ಹೆಣದ ಮುಂದೆಯೂ ಅಷ್ಟು ಅತ್ತಿರಲಿಲ್ಲ. ಡಾಕ್ಟರ್ ಬಾಯಿ ಕೈ ತೆಗೆಯಲಿಲ್ಲ.

ಅಲ್ಲಿಂದ ಮುಂದೆ ನನ್ನ ವಾರಕ್ಕೆ ಇದ್ದದ್ದು ಒಂದೇ ದಿನ. ಸೋಮವಾರದಿಂದಲೇ ಶನಿವಾರದ ದಾರಿ ನೋಡುತ್ತಿದ್ದೆ. ಸೂಜಿಗಾಗಿ ಅಲ್ಲ. ಸೂಜಿ ಮುಗಿದ ಮೇಲಿನ ಆ ಕೈಗಾಗಿ. ಯಜಮಾನರು ಇದ್ದಾಗ ಮಾತು ಕಡಿಮೆ, ಆದರೆ ದಾಟಿ ಹೋಗುವಾಗ ನನ್ನ ಹೆಗಲ ಮೇಲೆ ಒಮ್ಮೆ ಕೈಯಿಟ್ಟೇ ಹೋಗುತ್ತಿದ್ದರು. ನಾನು ಕಸಬರಿಗೆ ಹಿಡಿದು ಗಡಿಬಿಡಿಯಲ್ಲಿದ್ದರೆ “ಏನ್ರೀ ಇದು, ಸರೀರಿ ಆಚಿ” ಎನ್ನುತ್ತಿದ್ದೆ. ಹಾಗೆ ಗದರಿದ ಒಂದೊಂದು ಸಲವೂ ಈಗ ವಾಪಸು ಬೇಕೆನಿಸುತ್ತಿತ್ತು.

ಭುಜ ಸಡಿಲಾಗುತ್ತಿದ್ದಂತೆ ಡಾಕ್ಟರ್ ಬಾಯಿ ಒಂದು ಕಾಗದದ ಪುಡಿಕೆ ಕೊಟ್ಟರು. ಚೀನಾದ ಬೇರುಗಳು, ಕಟ್ಟಿಗೆಯ ಸಿಪ್ಪೆ, ಸುಕ್ಕಾದ ಕೆಂಪು ಖರ್ಜೂರದಂಥ ಹಣ್ಣು, ದ್ರಾಕ್ಷಿಗಿಂತ ಸಣ್ಣ ಕೆಂಪು ಕಾಳು. ಮಣ್ಣಿನ ಗಡಿಗೆಯಲ್ಲಿ ಕುದಿಸಿ, ಸೋಸಿ, ಬಿಸಿ ಇರುವಾಗಲೇ ಕುಡಿಯಬೇಕು. ನಾನು ಪುಡಿಕೆಯನ್ನು ಅಡಿಗೆಮನೆಯಲ್ಲಿ ಇಟ್ಟು, ಅತ್ತೆಗೆ ಒಂದು ಮಾತೂ ಹೇಳದೆ ಸೋಮವಾರ ಶಾಲೆಗೆ ಹೋದೆ. ನಮ್ಮ ಮನೆಯಲ್ಲಿ ಮಾತು ಅಷ್ಟು ಕಡಿಮೆಯಾಗಿತ್ತು.

ಸಂಜೆ ಬಂದರೆ ಓಣಿಯ ತುಂಬ ತುಪ್ಪದ ವಾಸನೆ. ಅತ್ತೆ ಅಂಟಿನುಂಡಿ ಕಟ್ಟುತ್ತ ಕುಳಿತಿದ್ದರು. ಕರಿದ ಅಂಟು, ಕೊಬ್ಬರಿ, ಉತ್ತತ್ತಿ, ಬೆಲ್ಲ. ಜೊತೆಗೆ ಚೀನಾದ ಸಮಸ್ತವೂ, ಬೇರು ಸಹಿತ, ಒರಳಿನಲ್ಲಿ ಕುಟ್ಟಿ ಹಾಕಿದ್ದರು. ಗದಗಿನ ಪೇಟೆಯಿಂದ ನಾನೇ ಉಂಡಿಯ ಸಾಮಾನು ತಂದಿಟ್ಟೆನೆಂದು ಅವರ ಲೆಕ್ಕ. ಒಂದು ಬಾಯಿಗೆ ಹಾಕಿಕೊಂಡೆ. ಮೊದಲು ಬೆಲ್ಲ, ಆಮೇಲೆ ಬೇವಿಗೂ ಮೀರಿದ ಕಹಿ.

“ಇದು ಬಾಣಂತಿ ತಿನ್ನೂದಲ್ರಿ ಅತ್ತಿ. ನಂಗ್ಯಾಕ?” ಎಂದೆ. ಹಡೆಯದ ಮನೆಯಲ್ಲಿ ಅಂಟಿನುಂಡಿ ಕಟ್ಟುವುದಿಲ್ಲ. ನಮ್ಮ ಮನೆಯಲ್ಲಿ ಅದನ್ನು ಎಂದೂ ಕಟ್ಟಿರಲಿಲ್ಲ.

ಅತ್ತೆ ಉಂಡೆಯಿಂದ ಕಣ್ಣೆತ್ತಲಿಲ್ಲ. “ಹಡದಾಕಿ ಒಬ್ಬಾಕಿ ಬೆನ್ನ ಅಷ್ಟ ನೋಯ್ತೈತೇನು? ನಿನ್ನ ಮೈಯಾಗ ಶಕ್ತಿ ಇಲ್ಲ. ತಿನ್ನ ಸುಮ್ಮ,” ಎಂದರು.

ಮುಂದಿನ ಶನಿವಾರ ಒಂದು ಉಂಡಿ ಕಟ್ಟಿಕೊಂಡು ಹೋದೆ. ಡಾಕ್ಟರ್ ಬಾಯಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ಒಂದು ಚೂರು ತಿಂದು ಮುಖ ಕಿವುಚಿದರು. “ಏನೂ ಆಗೂದಿಲ್ಲ ಬಿಡ್ರಿ. ಆದ್ರ ಇನ್ನ ಮ್ಯಾಲೆ ಕುದಿಸಿ ಕುಡೀರಿ,” ಎಂದು ಇನ್ನೊಂದು ಪುಡಿಕೆ ಕೊಟ್ಟರು.

ಕೈ ಮೇಲೇರುತ್ತ ಹೋಯಿತು. ಕಿವಿಯ ತನಕ ಬಂತು, ನೆತ್ತಿಯ ತನಕ ಬಂತು. ಒಂದು ದಿನ ಹಲಗೆಯ ತುದಿಯ ಧಾರವಾಡ ಅಳಿಸಿ ಗದಗ ಬರೆದೆ, ಮಕ್ಕಳು ಚಪ್ಪಾಳೆ ತಟ್ಟಿದರು. ಇನ್ನು ಶನಿವಾರಗಳು ಮುಗಿದವೆಂದು ನನಗೆ ದಿಗಿಲಾಯಿತು. ಗುಣವಾಗದಿರಲಿ ಎಂದು ದೇವರ ಮುಂದೆ ಕೈ ಮುಗಿದ ರೋಗಿ ಆ ಜಿಲ್ಲೆಯಲ್ಲಿ ನಾನೊಬ್ಬಳೇ ಇದ್ದಿರಬೇಕು. ಅದೂ ಗುಣವಾದ ಕೈಯನ್ನೇ ಎತ್ತಿ ಮುಗಿದೆ.

ಡಾಕ್ಟರ್ ಬಾಯಿ ನಾಡಿ ನೋಡಿದರು, ಕೈ ಎತ್ತಿಸಿದರು, ಇಳಿಸಿದರು.

“ಆತ್ರಿ ಅಕ್ಕಾರ. ಇನ್ನ ನೀವು ಬರೂ ಕೆಲಸ ಇಲ್ಲ.”

“ಬೇನಿ ಇಲ್ದಿದ್ರೂ ಬರಬಹುದೇನ್ರಿ?” ಎಂದು ಕೇಳಿಯೇಬಿಟ್ಟೆ. ಕೇಳಿದ ಮೇಲೆ ನಾಚಿಕೆಯಾಯಿತು.

ಅವರು ಬಾಗಿಲ ಕಡೆ ನೋಡಿದರು. ಹೊರಗೆ ಮುಂಡರಗಿಯಿಂದ ಬಂದವಳೊಬ್ಬಳು ಮೊಣಕಾಲು ಹಿಡಿದುಕೊಂಡು ನರಳುತ್ತಿದ್ದಳು. “ಬರ್ರಿ, ಚಹಾ ಕುಡದ ಹೋಗ್ರಿ. ಆದ್ರ ಮಂಚದ ಮ್ಯಾಲೆ ಜಾಗಾ ಇಲ್ರಿ. ಹೊರಗ ಎಷ್ಟ ಮಂದಿ ಕುಂತಾರ ನೋಡ್ರಿ,” ಎಂದರು. ಅದು ಖರೆ ಮಾತು. ಅವರ ಮೇಲೆ ಸಿಟ್ಟಾಗಲು ಕಾರಣ ಹುಡುಕುತ್ತ ಮುಳಗುಂದದ ತನಕ ಬಂದೆ, ಸಿಗಲಿಲ್ಲ. ಅಲ್ಲಿಂದ ಮನೆಯ ತನಕ ಕಿಟಕಿಗೆ ಮುಖ ಮಾಡಿ ಅಳುತ್ತ ಬಂದೆ. ಆಮೇಲಿನ ಶನಿವಾರಗಳು ಉದ್ದವಾದವು. ಶಾಲೆ ಬಿಟ್ಟ ಮೇಲೆ ಬಸ್‌ಸ್ಟ್ಯಾಂಡಿನ ತನಕ ಹೋಗಿ, ಗದಗಿನ ಬಸ್ಸು ಹೊರಡುವುದನ್ನು ನೋಡಿ, ಕಾಯಿಪಲ್ಲೆ ಕೊಂಡುಕೊಂಡು ತಿರುಗಿ ಬರುತ್ತಿದ್ದೆ.

ಆ ಚಳಿಗಾಲದಲ್ಲಿ ನೀರಿನ ಕೊಡ ಎತ್ತಲು ಹೋಗಿ ಅತ್ತೆಯ ಬೆನ್ನು ಹಿಡಿಯಿತು. ಬೆಟಗೇರಿಗೆ ಹೋಗೋಣ ಎಂದರೆ ಕೇಳಲಿಲ್ಲ.

“ಸೂಜಿ ಹಾಕಿಸ್ಕೊಳ್ಳಾಕ ನಾ ಏನ್ ಕೌದಿ ಏನು?”

ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನಾನು ಪಕ್ಕದಲ್ಲಿ ಕುಳಿತೆ. ನನಗೆ ನಾಡಿ ತಿಳಿಯದು, ಸೂಜಿ ತಿಳಿಯದು. ಕೈ ಇಡುವುದೊಂದನ್ನು ಮಾತ್ರ ನನ್ನ ಬೆನ್ನು ಕಲಿತುಕೊಂಡಿತ್ತು. ಅವರ ಸೊಂಟದ ಮೇಲೆ ಅಂಗೈ ಇಟ್ಟೆ. ಮದುವೆಯಾದ ದಿನ ಕಾಲು ಮುಟ್ಟಿದ್ದು ಬಿಟ್ಟರೆ ನಾನು ಅವರನ್ನು ಹೀಗೆ ಮುಟ್ಟಿದ್ದೇ ಇಲ್ಲ. ಅವರು ಬಿಗಿಯಾದರು.

“ಏನ್ ಮಾಡಾಕತ್ತಿ?”

“ಏನಿಲ್ರಿ. ಸುಮ್ಮ ಇಟ್ಟೀನಿ.”

“ತಿಕ್ಕೂದಿಲ್ಲೇನು?”

“ಇಲ್ರಿ.”

ಇದೆಂಥಾ ಚೀನಾದ ಬಡಿವಾರವೋ ಎಂದು ಗೊಣಗಿದರು. ಕೈ ತಗಿ ಎನ್ನಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಬೆನ್ನು ಸಡಿಲಾಯಿತು, ಉಸಿರು ಉದ್ದವಾಯಿತು. ಗೋಡೆಗೇ ಹೇಳುವ ಹಾಗೆ, “ಅಂವ ಸಣ್ಣಾವಿದ್ದಾಗ ಹಿಂಗ ಬೆನ್ನಿಗಿ ಹತ್ತಿ ಮಲಗತಿದ್ದ,” ಎಂದರು. ಮಗ ಹೋದ ಮೇಲೆ ಅವನ ಸುದ್ದಿ ಅವರ ಬಾಯಿಂದ ಬಂದದ್ದು ಅದೇ ಮೊದಲು. ನನಗೂ ಯಜಮಾನರನ್ನು ಕುರಿತು ಹೇಳಬೇಕೆನಿಸಿತು. ಹೆಗಲ ಮೇಲೆ ಕೈಯಿಟ್ಟು ಹೋಗುತ್ತಿದ್ದದ್ದನ್ನು ಹೇಳಿದೆ. ಅತ್ತೆ ಹೂಂ, ಹೂಂ ಎನ್ನುತ್ತ ಕೇಳಿದರು.

ಮರುದಿನ ಅವರೇ ಹಾಸಿಗೆ ಬಿಚ್ಚಿ, ಬೆನ್ನು ತಿರುಗಿಸಿ ಮಲಗಿ, ನನ್ನ ಕೆಲಸ ಮುಗಿಯುವುದನ್ನು ಕಾಯುತ್ತಿದ್ದರು. ಅದರ ಮರುದಿನವೂ. ಹಗಲೆಲ್ಲ ಕೊಡ ಎತ್ತುತ್ತಿದ್ದರು, ಹಿಟ್ಟು ನಾದುತ್ತಿದ್ದರು, ಸಂಜೆಯಾದರೆ ಬೆನ್ನು ಹಿಡಿಯುತ್ತಿತ್ತು.

ಒಂದು ಸಂಜೆ ನಗು ತಡೆದುಕೊಂಡು ಕೇಳಿದೆ. “ಇನ್ನೂ ಕಡಿಮಿ ಆಗಿಲ್ಲೇನ್ರಿ ಅತ್ತಿ?”

“ಇಲ್ಲ,” ಎಂದರು. ಆಮೇಲೆ ಹಿಂದಕ್ಕೆ ಕೈ ಚಾಚಿ, ನನ್ನ ಕೈಯನ್ನು ತಮ್ಮ ಬೆನ್ನಿಗೇ ಒತ್ತಿ ಹಿಡಿದುಕೊಂಡರು. “ಆಗೂದೂ ಬ್ಯಾಡ.”