ಜೇಬಿನ ಲೈನಿನ ಗಂಗರತ್ನಮ್ಮ

ಬಂಗಾರಪೇಟೆ ರಸ್ತೆಯ ಆ ಬಟ್ಟೆ ಕಾರ್ಖಾನೆಯಲ್ಲಿ ಗಂಗರತ್ನಮ್ಮನ ಬಾಯಿಗೆ ಹೆದರದವರಿರಲಿಲ್ಲ. ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ, ಹಸುಗಳನ್ನು ಗಂಡ ರಾಮಚಂದ್ರಪ್ಪನಿಗೆ ಒಪ್ಪಿಸಿ, ಕ್ಯಾಸಂಬಳ್ಳಿಯಿಂದ ಏಳೂಕಾಲರ ಬಸ್ಸು ಹಿಡಿದು ಬರುವ ಹೆಂಗಸು. ಹದಿನಾಲ್ಕು ವರ್ಷದ ಹಿಂದೆ ಹೊಲಿಗೆ ಮಿಷನ್ನಿನ ಮುಂದೆ ಕೂತವಳು, ಈಗ ಆರು ವರ್ಷದಿಂದ ಸೂಪರ್‌ವೈಸರ್. ಸ್ಕೂಲ್ ಯೂನಿಫಾರ್ಮಿನ ಅಂಗಿಗೆ ಜೇಬು ಕೂರಿಸುವ ಹದಿನೆಂಟು ಹೆಂಗಸರು ಅವಳ ಕೈಕೆಳಗೆ. ತಪ್ಪು ಸಣ್ಣದಾದರೆ ಕನ್ನಡದಲ್ಲಿ ಬೈಯುವಳು, ದೊಡ್ಡದಾದರೆ ತೆಲುಗಿನಲ್ಲಿ, ಬಟ್ಟೆಯೇ ಹಾಳಾದರೆ ಚಿನ್ನದ ಗಣಿ ಕಡೆಯ ಊರಿಗಾಂ ಹೆಂಗಸರಿಂದ ಕಲಿತ ತಮಿಳಿನಲ್ಲಿ.

ಇಂಥವಳಿಗೆ ಜನರನ್ನು ನಡೆಸುವುದು ಹೇಗೆಂದು ಕಲಿಸಲು ಕಂಪನಿ ಸುಧಾಕರ್ ಎಂಬ ಎಚ್‌ಆರ್ ಮ್ಯಾನೇಜರನ್ನು ತಂದು ಕೂರಿಸಿತು. ಇಪ್ಪತ್ತೊಂಬತ್ತು ವಯಸ್ಸು, ಇಸ್ತ್ರಿ ಮುರಿಯದ ಅಂಗಿ. ಬಂದ ವಾರವೇ ಎಲ್ಲರನ್ನೂ ಊಟದ ಕೋಣೆಯಲ್ಲಿ ಕೂರಿಸಿ, ಗೋಡೆಯ ಮೇಲೆ ಗೋಪುರದಂಥ ಒಂದು ಚಿತ್ರ ಬಿಟ್ಟು, "ಮನುಷ್ಯನ ಅಗತ್ಯಗಳು ಮೆಟ್ಟಿಲು ಮೆಟ್ಟಿಲಾಗಿ ಇರ್ತವೆ. ತಳದಲ್ಲಿ ಅನ್ನ, ನೀರು. ತುತ್ತತುದಿಯಲ್ಲಿ ಆತ್ಮಸಾಧನೆ" ಎಂದ. ಕೇಳುತ್ತ ಕೂತಿದ್ದವರು ಯಾರು? ನೀರು ಕುಡಿದರೆ ಎದ್ದು ಹೋಗಬೇಕಾಗುತ್ತದೆ, ಎದ್ದು ಹೋದರೆ ಟಾರ್ಗೆಟ್ ತಪ್ಪುತ್ತದೆ ಎಂದು ಮಧ್ಯಾಹ್ನದವರೆಗೆ ಗುಟುಕು ನೀರು ಮುಟ್ಟದ ಹೆಂಗಸರು.

"ಸಾರ್, ತುದೀದು ಆಮೇಲ್ ನೋಡ್ಕಂಡ್ರಾಯ್ತು" ಎಂದಳು ಗಂಗರತ್ನಮ್ಮ. "ಕಕ್ಕಸ್ಸಿನ ಚಿಲಕ ಕಿತ್ತೋಗಿ ಎರಡು ತಿಂಗ್ಳಾತು. ಅದುನ್ನ ಮೊದ್ಲು ಆಕ್ಸಿ."

ಸುಧಾಕರ್ ನಕ್ಕು ಏನೋ ಬರೆದುಕೊಂಡ. ಚಿಲಕದ ವಿಷಯವನ್ನಂತೂ ಬರೆದುಕೊಳ್ಳಲಿಲ್ಲ.

ಆಮೇಲೆ ತಂದ ನೋಡಿ ಒಂದು ಪದ್ಧತಿ. ಪ್ರತಿ ತಿಂಗಳೂ ಲೈನಿನ ಎಲ್ಲರನ್ನೂ ಮೊದಲನೆಯವಳಿಂದ ಕೊನೆಯವಳವರೆಗೆ ಸಾಲಾಗಿ ನಿಲ್ಲಿಸುವುದು. ಮೊದಲು ಬಂದವಳ ಫೋಟೋ ಗೇಟಿನ ಹತ್ತಿರದ ಹಲಗೆಗೆ. ಎರಡು ತಿಂಗಳು ಒಂದೇ ಸಮ ಕೊನೆಗೆ ಬಂದವಳು ಮನೆಗೆ. ಲೆಕ್ಕಕ್ಕೆ ಆಧಾರ ಮೊದಲಿನಿಂದಲೂ ಇದ್ದ ಚೀಟಿ. ಇಪ್ಪತ್ತೈದು ಜೇಬಿಗೆ ಒಂದು ಬಂಡಲ್. ಹೊಲಿದವಳು ಬಂಡಲಿನ ಚೀಟಿಯಲ್ಲಿ ತನ್ನ ನಂಬರು ಬರೆದು ಡಬ್ಬಿಗೆ ಹಾಕಬೇಕು. ಡಬ್ಬಿ ಆಫೀಸಿಗೆ ಹೋಗುತ್ತದೆ.

ಆದರೆ ಜೇಬಿನ ಲೈನಿನಲ್ಲಿ ಚೀಟಿಗೂ ಕೈಗೂ ಸಂಬಂಧ ತಪ್ಪಿ ವರ್ಷಗಳೇ ಆಗಿದ್ದವು. ಆ ಹೆಂಗಸರೆಲ್ಲ ರಾಗಿ ಹೊಲದಲ್ಲಿ ಮುಯ್ಯಾಳಾಗಿ ದುಡಿದು ಬೆಳೆದವರು. ಇವತ್ತು ನಿನ್ನ ಹೊಲದ ಕಳೆಗೆ ನಾನು, ನಾಳೆ ನನ್ನ ಹೊಲದ ಕುಯ್ಲಿಗೆ ನೀನು. ಅದನ್ನೇ ಕಾರ್ಖಾನೆಗೂ ತಂದಿದ್ದರು. ಒಬ್ಬಳಿಗೆ ಜ್ವರ ಬಂದರೆ ಪಕ್ಕದವಳು ತಾನು ಹೊಲಿದ ಬಂಡಲಿಗೆ ಅವಳ ನಂಬರು ಬರೆಯುವಳು. ಯಾರೂ ಕೇಳುತ್ತಿರಲಿಲ್ಲ, ಕೊಟ್ಟೆನೆಂದು ಹೇಳುತ್ತಲೂ ಇರಲಿಲ್ಲ. ಹೇಳಿದರೆ ಮುಯ್ಯಿ ಹಂಗಾಗುತ್ತದೆ. ಗಂಗರತ್ನಮ್ಮ ಕಂಡೂ ಕಾಣದ ಹಾಗಿದ್ದಳು. ಲೈನಿನ ಒಟ್ಟು ಟಾರ್ಗೆಟ್ ಒಂದು ದಿನವೂ ತಪ್ಪಿರಲಿಲ್ಲವಲ್ಲ.

ಆ ತಿಂಗಳು ಅಂಬಿಕ ಎಂಟು ತಿಂಗಳ ಬಸುರಿ. ಕಾಲು ಊದಿ ಪೆಡಲ್ ತುಳಿಯಲಾಗುತ್ತಿರಲಿಲ್ಲ. ಹೆರಿಗೆ ರಜೆಗೆ ಆ ತಿಂಗಳು ಮುಗಿದ ಮೇಲೂ ಇನ್ನೂ ಎರಡು ವಾರ. ಪಾಪ ಎಂದು ಒಬ್ಬೊಬ್ಬಳೂ ಅವಳ ಹೆಸರಿಗೆ ಬಂಡಲ್ ಬರೆದಳು. ಉಳಿದವರೂ ಬರೆಯುತ್ತಿದ್ದಾರೆಂದು ಒಬ್ಬಳಿಗೂ ಹೊಳೆಯಲಿಲ್ಲ. ಎಲ್ಲರಿಗಿಂತ ಹೆಚ್ಚು ಬರೆದವಳು ನರಸಮ್ಮ, ಲೈನಿನಲ್ಲೇ ಚುರುಕು ಕೈಯವಳು. ಹೋದ ವರ್ಷ ಅವಳ ಮಣಿಕಟ್ಟು ಮುರಿದಾಗ ಅಂಬಿಕ ಹೊತ್ತಿದ್ದ ಭಾರ ಅವಳಿಗೆ ಮರೆತಿರಲಿಲ್ಲ.

ತಿಂಗಳ ಕೊನೆಗೆ ಕುರ್ಚಿಯಿಂದ ಏಳಲು ಇಬ್ಬರ ಕೈ ಬೇಕಾಗಿದ್ದ ಅಂಬಿಕ ಇಡೀ ಕಾರ್ಖಾನೆಗೇ ಮೊದಲು ಬಂದಳು. ನರಸಮ್ಮ ಕಟ್ಟಕಡೆಗೆ. ಸುಧಾಕರ್ ದೊಡ್ಡ ಸಾಹೇಬರನ್ನು ಕರೆಸಿ ಅಂಬಿಕಳಿಗೆ ಹಾರ ಹಾಕಿಸಿ, ಪಕ್ಕದಲ್ಲಿ ತಾನೂ ನಿಂತು ಫೋಟೋ ಹಿಡಿಸಿದ. "ಪ್ರೇರಣೆ ಸಿಕ್ಕಿದರೆ ಮನುಷ್ಯ ಏನು ಮಾಡಬಲ್ಲ, ನೋಡಿ!" ಎಂದು ಭಾಷಣ ಬೇರೆ. ಅಷ್ಟು ದೊಡ್ಡ ಹೊಟ್ಟೆ ಆ ಫೋಟೋದಲ್ಲಿ ಎಲ್ಲರಿಗೂ ಕಂಡಿತು, ಅವನೊಬ್ಬನಿಗೆ ಕಾಣಲಿಲ್ಲ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರೆ. ಇವನು ಒಕ್ಕಾಲಿನಲ್ಲೇ ಕುಂಟುತ್ತಿದ್ದ.

ನರಸಮ್ಮನ ಕೈಗೆ ಎಚ್ಚರಿಕೆ ಪತ್ರ ಬಂತು. ಇನ್ನೊಂದು ತಿಂಗಳು ಹೀಗೇ ಆದರೆ ಕೆಲಸ ಹೋಗುತ್ತದೆ. ಗಂಡನಿಲ್ಲದವಳು, ಮೂರು ಹೊಟ್ಟೆ ಅವಳೊಬ್ಬಳ ದುಡಿಮೆಯ ಮೇಲೆ. ಗಂಗರತ್ನಮ್ಮ ನೇರ ಆಫೀಸಿಗೆ ನಡೆದಳು.

"ಸಾರ್, ಒಂದೇ ಒಂದು ಗಂಟೆ ಅವಳ ಮಿಷನ್ ತಾವ ಬಂದ್ ನಿಂತ್ಕಳಿ. ಅವಳ ಕೈ ನೋಡಿ."

"ನೋಡೋದೇನಿದೆಯಮ್ಮಾ? ಡೇಟಾ ಸುಳ್ಳು ಹೇಳಲ್ಲ. ನಾನೂ ರೈತನ ಮಗನೇ, ಕಷ್ಟ ಗೊತ್ತು. ಆದರೆ ಭಾವನೆಯಿಂದ ಸಂಸ್ಥೆ ನಡೆಯಲ್ಲ."

ರೈತನ ಮಗನಂತೆ! ಹೆತ್ತ ತಾಯಿ ಎಷ್ಟು ಹೊಲದಲ್ಲಿ ಮುಯ್ಯಾಳಾಗಿ ಬೆನ್ನು ಬಗ್ಗಿಸಿದ್ದಳೋ, ಮಗನ ಕಣ್ಣಿಗೆ ಅದು ಬೀಳಲೇ ಇಲ್ಲ. ಗಂಗರತ್ನಮ್ಮನಿಗೆ ನಿಜ ಹೇಳಿಬಿಡುವ ಹಾಗೂ ಇರಲಿಲ್ಲ. ಹೇಳಿದರೆ ಸುಳ್ಳು ಚೀಟಿ ಬರೆದರೆಂದು ಹದಿನೆಂಟು ಮಂದಿಯೂ ಬೀದಿಗೆ, ಅಂಬಿಕಳ ಹೆರಿಗೆ ರಜೆಯೂ ಮಣ್ಣಿಗೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳಂತೆ ಹೊರಗೆ ಬಂದಳು.

ಮಾರನೆಯ ದಿನ ಊಟದ ಹೊತ್ತಿಗೆ ಮುದ್ದೆ ಮುರಿಯುತ್ತ ಲೈನಿನ ಪುಷ್ಪ ಹೇಳಿದಳು: "ಈ ತಿಂಗ್ಳು ನಾನ್ ಕೊನೇಗ್ ಬತ್ತೀನಿ ಬುಡಕ್ಕಾ. ಮುಂದುಲ್ ತಿಂಗ್ಳು ಇನ್ನೊಬ್ರು ಬರ್ಲಿ."

"ನೀನ್ಯಾಕೇ ಬರ್ಬೇಕು?" ಗಂಗರತ್ನಮ್ಮ ರೇಗಿದಳು. "ಅವನು ಕೊನೆ ಅಂದೇಟ್ಗೆ ನಾವೊಬ್ಬಳನ್ನ ಉಡುಕ್ಕೊಡ್ಬೇಕಾ? ಯಾರೂ ಕೊನೇಗ್ ಬರಂಗಿಲ್ಲ, ಯಾರೂ ಮೊದ್ಲೂ ಬರಂಗಿಲ್ಲ. ಇದುವರ್ಗೂ ಲೆಕ್ಕ ಇಲ್ದೆ ಬರುದ್ರಿ. ಈಗ ಲೆಕ್ಕ ಆಕಿ ಬರೀರಿ."

ಅವತ್ತಿನಿಂದ ಸಂಜೆ ಚಹಾದ ಹೊತ್ತಿಗೆ ಅವಳೇ ಚೀಟಿ ಎಣಿಸಿದಳು. ಯಾರಿಗೆ ಎಷ್ಟು ಹೆಚ್ಚು, ಯಾರಿಗೆ ಕಡಿಮೆ, ಎಲ್ಲ ಬೆರಳ ತುದಿಯಲ್ಲಿ. ನರಸಮ್ಮನ ಹೆಚ್ಚಿನದು ಅಂಬಿಕಳಿಗೆ, ಅವಳು ರಜೆಗೆ ಹೋದ ಮೇಲೆ ಕಡಿಮೆ ಬಿದ್ದವರಿಗೆ. ತಿಂಗಳ ಕೊನೆಗೆ ರಜೆಯಲ್ಲಿದ್ದವಳನ್ನು ಬಿಟ್ಟು ಹದಿನೇಳು ಮಂದಿಯ ಲೆಕ್ಕ ಆಫೀಸಿಗೆ ಹೋಯಿತು. ಪ್ರತಿಯೊಬ್ಬಳದೂ ಇನ್ನೂರ ಅರವತ್ತು ಬಂಡಲ್. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಸುಧಾಕರನ ಲ್ಯಾಪ್‌ಟಾಪಿನಲ್ಲಿ ಗುಡ್ಡದ ಹಾಗೆ ಏಳಬೇಕಿದ್ದ ಗೆರೆ ಕೆರೆಯಂಗಳದ ಹಾಗೆ ಮಲಗಿತ್ತು. ಅವನು ಗಂಗರತ್ನಮ್ಮನನ್ನು ಕರೆಸಿದ. "ಇದು ಹೇಗೆ ಸಾಧ್ಯ? ಏನೋ ಮೋಸ ಆಗಿದೆ."

"ಡೇಟಾ ಸುಳ್ಳೇಳಲ್ಲ ಅಂದ್ರಲ್ಲ ಸಾರ್."

ಅವನ ಮುಖ ಕೆಂಪಾಯಿತು. ಈ ತಿಂಗಳ ಚೀಟಿ ಸುಳ್ಳೆಂದರೆ ಹೋದ ತಿಂಗಳದ್ದೂ ಸುಳ್ಳಾಗುತ್ತದೆ. ದೊಡ್ಡ ಸಾಹೇಬರ ಕೈಯಲ್ಲಿ ಹಾಕಿಸಿದ ಹಾರ, ಗೇಟಿನ ಫೋಟೋ, ಭಾಷಣ ಎಲ್ಲಕ್ಕೂ ಮಸಿ. ಅಷ್ಟು ಬುದ್ಧಿ ಮಾತ್ರ ಅವನಿಗೆ ತಕ್ಷಣ ಬಂತು. ನರಸಮ್ಮನನ್ನು ತೆಗೆಯಲು ಕಾರಣ ಉಳಿಯಲಿಲ್ಲ. ಆದರೆ ಪದ್ಧತಿ ತಂದವನಿಗೆ ತಪ್ಪು ಹೊರಿಸಲು ಒಂದು ಹೆಸರಾದರೂ ಬೇಕು. ಮೂರು ದಿನ ಬಿಟ್ಟು ಗಂಗರತ್ನಮ್ಮನಿಗೇ ಪತ್ರ ಬಂತು: ಲೈನಿನಲ್ಲಿ ಪೈಪೋಟಿಯ ಮನೋಭಾವ ಬೆಳೆಸಲು ವಿಫಲ, ಆದ್ದರಿಂದ ಸೂಪರ್‌ವೈಸರ್ ಸ್ಥಾನದಿಂದ ಮರಳಿ ಹೊಲಿಗೆಗೆ.

"ಪರ್ಸನಲ್ ಆಗಿ ತಗೋಬೇಡಿ" ಎಂದ ಸುಧಾಕರ್.

"ಅಂಗ್ ತಗಳಾಕೆ ನೀವೇನ್ ನನ್ ನೆಂಟ್ರಾ ಸಾರ್?" ಎಂದು ಸಹಿ ಹಾಕಿ ಬಂದಳು.

ಬಸ್ಸಿನಲ್ಲಿ ಕಣ್ಣೀರು ಬಂತು. ಸಿಟ್ಟಿಗೆ ಬಂದದ್ದು ಎಂದುಕೊಂಡಳು. ಪೂರ್ತಿ ಸಿಟ್ಟಿಗೆ ಬಂದದ್ದಲ್ಲ. ಆರು ವರ್ಷ ನಿಂತು ಬೈದವಳು ನಾಳೆ ಅವರ ನಡುವೆ ಕೂರಬೇಕಲ್ಲ ಎಂಬ ಅವಮಾನವೂ ಇತ್ತು.

ಮರುದಿನ ನರಸಮ್ಮನ ಪಕ್ಕದ ಮಿಷನ್ನಿಗೆ ಕೂತಳು. ದಾರ ಏರಿಸಲು ಮೂರು ಸಲ ಬೇಕಾಯಿತು, ಮೊದಲ ಜೇಬು ಸೊಟ್ಟಗಾಯಿತು. ಲೈನೆಲ್ಲ ಬಗ್ಗಿ ನೋಡುತ್ತಿತ್ತು. ಉಪಕಾರವಾಯಿತೆಂದು ಯಾರೂ ಹೇಳಲಿಲ್ಲ, ಹೇಳುವ ಪದ್ಧತಿಯೂ ಅಲ್ಲಿರಲಿಲ್ಲ.

"ಏನಕ್ಕಾ ಇದು, ಜೇಬಾ ಮೊರವಾ?" ಎಂದಳು ನರಸಮ್ಮ. "ಈ ಕೈ ಇಟ್ಕಂಡೇ ನಮ್ಗೆ ಆರ್ ವರ್ಸ ಬೈದಿದ್ದಾ ನೀನು?"

ಹದಿನಾರು ಮಂದಿ ಬಿದ್ದು ಬಿದ್ದು ನಕ್ಕರು. ಗಂಗರತ್ನಮ್ಮನ ಬಾಯಿಗೆ ಬೈಗುಳ ಬಂದಿತ್ತು. ನುಂಗಿಕೊಂಡು, ಸೊಟ್ಟ ಜೇಬಿನ ಅಂಗಿಯನ್ನು ತಿದ್ದಿಕೊಡೆಂದು ನರಸಮ್ಮನ ಕಡೆಗೆ ಚಾಚಿದಳು.